ಸೂಜಿ ಬಯಾಪ್ಸಿಯ ಗ್ರೇಡ್ ಎಷ್ಟು ನಂಬಬಹುದು? ಟೆಸ್ಟಿಗೆ ಮೊದಲು ಮತ್ತು ರಿಪೋರ್ಟ್ ಬಂದ ಮೇಲೆ ಏನು ನೋಡಬೇಕು

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಎಡ ಸ್ತನದಲ್ಲಿ ಗಡ್ಡೆ ಸಿಕ್ಕಿತು. ಮದ್ದೂರಿನ ಹತ್ತಿರದ ಹಳ್ಳಿ ಅವರದು. ಮೈಸೂರಿನಲ್ಲಿ ಸೂಜಿ ಬಯಾಪ್ಸಿ ಮಾಡಿಸಿದೆವು, ಕ್ಯಾನ್ಸರ್ ಅಂತ ಬಂತು, ಗ್ರೇಡ್ (ಅಂದರೆ ಜೀವಕೋಶ ಎಷ್ಟು ಕೆಟ್ಟಿದೆ ಅನ್ನುವ ಅಳತೆ) 2. ಆಪರೇಷನ್ ಆಯಿತು. ಎರಡು ವಾರ ಬಿಟ್ಟು ಬಂದ ದೊಡ್ಡ ರಿಪೋರ್ಟ್‌ನಲ್ಲಿ ಗ್ರೇಡ್ 3 ಅಂತ ಇತ್ತು. ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. "ಮೊದಲು ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?" ಅಂತ ಚಿಕ್ಕಪ್ಪ. "ಅಷ್ಟರೊಳಗೆ ಜಾಸ್ತಿ ಆಗಿಬಿಡ್ತಾ?" ಅಂತ ಅವರ ಮಗಳು.

ಯಾವುದೂ ಸುಳ್ಳಲ್ಲ, ಆ ಕೆಲವು ವಾರಗಳಲ್ಲಿ ಕಾಯಿಲೆ ಗ್ರೇಡ್ ಬದಲಾಯಿಸಿಕೊಂಡದ್ದೂ ಅಲ್ಲ. ಸೂಜಿ ಬಯಾಪ್ಸಿ ಕೊಡುವ ಗ್ರೇಡ್ ಒಂದು ಅಂದಾಜು. ಒಳ್ಳೆಯ ಅಂದಾಜು, ಆದರೆ ಅಂದಾಜೇ. ಈ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ನಮಗೆ ಆ ರಾತ್ರಿ ಹಾಗೆ ಕಳೆಯುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಚಿಕ್ಕಮ್ಮನ ಫೈಲ್ ಹಿಡಿದುಕೊಂಡು ಓಡಾಡಿದವಳು, ಅರ್ಥವಾಗದ್ದನ್ನು ಬಿಡದೆ ಕೇಳಿ ತಿಳಿದುಕೊಂಡವಳು, ಅಷ್ಟೇ.

ಮೊದಲು: ಬಯಾಪ್ಸಿ ಇಲ್ಲದೆ ಗಡ್ಡೆ ತೆಗೆಸಬೇಡಿ

ಇದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಚಿಕ್ಕಮ್ಮನನ್ನು ಮೊದಲು ತೋರಿಸಿದ ಕಡೆ, "ಸಣ್ಣ ಗಡ್ಡೆ, ತೆಗೆದುಹಾಕಿಬಿಡೋಣ, ಆಮೇಲೆ ಟೆಸ್ಟಿಗೆ ಕಳಿಸೋಣ" ಅಂದರು. ಹಳ್ಳಿಯವರಿಗೆ ಈ ಮಾತು ಬಹಳ ಹಿತವಾಗಿ ಕೇಳಿಸುತ್ತದೆ, ಒಂದೇ ಸಲಕ್ಕೆ ಮುಗಿಯಿತಲ್ಲ ಅಂತ. ದಯವಿಟ್ಟು ಒಪ್ಪಬೇಡಿ. ಅದು ಕ್ಯಾನ್ಸರ್ ಆಗಿದ್ದರೆ ಸುತ್ತ ಎಷ್ಟು ಅಂಚು ಬಿಟ್ಟು ತೆಗೆಯಬೇಕು, ಕಂಕುಳಿನ ಗಂಟುಗಳನ್ನು ಏನು ಮಾಡಬೇಕು, ಮೊದಲು ಕೀಮೋ ಕೊಡಬೇಕಾ ಅನ್ನುವುದೆಲ್ಲ ಮುಂಚೆಯೇ ತೀರ್ಮಾನ ಆಗಬೇಕಾದ ವಿಷಯಗಳು. ಗೊತ್ತಿಲ್ಲದೆ ಕೊಯ್ದರೆ ಎರಡನೇ ಸಲ ಕೊಯ್ಯಬೇಕಾಗಬಹುದು. ನಮ್ಮ ಅದೃಷ್ಟ, ನರ್ಸ್ ಆಗಿರುವ ಅಕ್ಕ ಫೋನಿನಲ್ಲೇ ತಡೆದಳು.

ಸರಿಯಾದ ಕ್ರಮ ಹೀಗಿದೆ. ಡಾಕ್ಟರ್ ಕೈಯಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ಮ್ಯಾಮೋಗ್ರಾಮ್ ಮತ್ತು ಅಲ್ಟ್ರಾಸೌಂಡ್. ಆಮೇಲೆ ಸೂಜಿ. ಮೂರೂ ಒಂದಕ್ಕೊಂದು ತಾಳೆ ಆಗಬೇಕು. ಸ್ಕ್ಯಾನ್ ಮೊದಲೇ ಆಗಿದ್ದರೆ ಒಳ್ಳೆಯದು, ಯಾಕೆಂದರೆ ಸೂಜಿ ಹಾಕಿದ ಜಾಗದಲ್ಲಿ ರಕ್ತ ಕಟ್ಟಿಕೊಂಡರೆ ಸ್ಕ್ಯಾನ್ ಚಿತ್ರ ಕಲಸಿಹೋಗುತ್ತದೆ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ಬೈರಾಡ್ಸ್ (ಕ್ಯಾನ್ಸರ್ ಅನುಮಾನ ಎಷ್ಟು ಅಂತ ಸ್ಕ್ಯಾನ್ ನೋಡಿ ಕೊಡುವ ಅಂಕ) 4 ಅಥವಾ 5 ಅಂತ ಇದ್ದರೆ ಬಯಾಪ್ಸಿ ಬೇಕು ಅಂತ ಅರ್ಥ. ಸ್ಕ್ಯಾನ್ ನೋಡಿದರೆ 5, ಬಯಾಪ್ಸಿ ಮಾತ್ರ "ಏನೂ ಇಲ್ಲ" ಅನ್ನುತ್ತಿದೆ ಅಂದರೆ ಖುಷಿಪಟ್ಟು ಮನೆಗೆ ಹೋಗಬೇಡಿ. ಸೂಜಿ ಪಕ್ಕಕ್ಕೆ ಹೋಗಿರಬಹುದು. ಇನ್ನೊಮ್ಮೆ ಮಾಡಿಸಿ.

ಯಾವ ಸೂಜಿ ಅಂತ ಕೇಳಿ

"ಸೂಜಿ ಟೆಸ್ಟ್" ಅಂತ ನಮ್ಮ ಕಡೆ ಎರಡಕ್ಕೂ ಹೇಳುತ್ತಾರೆ, ಗೊಂದಲ ಶುರುವಾಗುವುದೇ ಇಲ್ಲಿ. ಒಂದು ಎಫ್‌ಎನ್‌ಎಸಿ. ಇಂಜೆಕ್ಷನ್ ಸೂಜಿಯಷ್ಟು ಸಣ್ಣದು. ಬಿಡಿಬಿಡಿ ಜೀವಕೋಶಗಳನ್ನು ಹೀರಿ ತೆಗೆಯುತ್ತದೆ. ಕ್ಯಾನ್ಸರ್ ಇದೆಯಾ ಅಂತ ಬೇಗ ಹೇಳಬಲ್ಲದು, ಆದರೆ ಅದು ಹಾಲಿನ ನಾಳದ ಒಳಗೇ ಇದೆಯಾ, ಗೋಡೆ ದಾಟಿ ಹೊರಗೆ ಬಂದಿದೆಯಾ ಅಂತ ಹೇಳುವುದಿಲ್ಲ. ಗ್ರೇಡ್ ಹೇಳುವುದಕ್ಕೂ ಅದು ಸಾಲದು. ಇನ್ನೊಂದು ಕೋರ್ ಬಯಾಪ್ಸಿ, ಆಸ್ಪತ್ರೆಗಳಲ್ಲಿ ಟ್ರೂಕಟ್ ಅಂತಾರೆ. ಸಾಮಾನ್ಯವಾಗಿ 14 ಗೇಜ್ ಸೂಜಿ, ಸುಮಾರು 2 ಮಿಲಿಮೀಟರ್ ದಪ್ಪ. ಶಾವಿಗೆ ಎಳೆಯ ಹಾಗೆ ಉದ್ದನೆಯ ತುಂಡು ಬರುತ್ತದೆ. ಜೀವಕೋಶಗಳು ಹೇಗೆ ಜೋಡಣೆಯಾಗಿವೆ ಅನ್ನುವುದು ಆ ತುಂಡಿನಲ್ಲೇ ಕಾಣುವುದು. ಚಿಕಿತ್ಸೆ ತೀರ್ಮಾನ ಮಾಡುವುದಕ್ಕೆ ನಿಮಗೆ ಬೇಕಾದದ್ದು ಇದು. ಎಫ್‌ಎನ್‌ಎಸಿ ಮಾತ್ರ ಆಗಿದ್ದರೆ, "ಟ್ರೂಕಟ್ ಯಾವಾಗ ಮಾಡ್ತೀರಿ?" ಅಂತ ಕೇಳಿ.

ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುತ್ತಾರಾ ಅಂತಲೂ ಕೇಳಿ. ಕೈಗೆ ಸಿಗುವ ಗಡ್ಡೆಗೆ ಅದೆಲ್ಲ ಬೇಡ ಅಂತ ಕೆಲವರು ಹೇಳುತ್ತಾರೆ. ಆದರೆ ದೊಡ್ಡ ಗಡ್ಡೆಯ ನಡುಭಾಗ ಕೆಲವೊಮ್ಮೆ ಸತ್ತುಹೋಗಿರುತ್ತದೆ, ಅಲ್ಲಿಂದ ತೆಗೆದ ತುಂಡಿನಲ್ಲಿ ನೋಡುವುದಕ್ಕೇ ಏನೂ ಇರುವುದಿಲ್ಲ. ಪರದೆಯ ಮೇಲೆ ಸೂಜಿ ಎಲ್ಲಿಗೆ ಹೋಗುತ್ತಿದೆ ಅಂತ ಕಂಡರೆ ಆ ತಪ್ಪು ಕಡಿಮೆ. ತುಂಡುಗಳು ನಾಲ್ಕಾದರೂ ಇರಲಿ, ಐದಾರು ಇದ್ದರೆ ಇನ್ನೂ ಒಳ್ಳೆಯದು, ಅದೂ ಗಡ್ಡೆಯ ಬೇರೆ ಬೇರೆ ಮೂಲೆಯಿಂದ.

ಅನ್ನ ಬೆಂದಿದೆಯಾ ಅಂತ ನೋಡುವುದಕ್ಕೆ ಒಂದು ಅಗುಳು ಸಾಕು ಅಂತಾರಲ್ಲ, ಗಡ್ಡೆ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇದು ಕಬ್ಬಿನ ಹಾಗೆ. ಒಂದೇ ಜಲ್ಲೆ, ಬುಡ ಸಿಹಿ, ತುದಿ ಸಪ್ಪೆ. ತುದಿ ಕಚ್ಚಿ ನೋಡಿ ಇಡೀ ಕಬ್ಬು ಸಪ್ಪೆ ಅಂದರೆ ಮಂಡ್ಯದಲ್ಲಿ ಯಾರೂ ಒಪ್ಪುವುದಿಲ್ಲ. ಗಡ್ಡೆಯಲ್ಲೂ ಒಂದು ಕಡೆ ನಿಧಾನವಾಗಿ ಬೆಳೆಯುವ ಜೀವಕೋಶ, ಇನ್ನೊಂದು ಕಡೆ ವೇಗವಾಗಿ ಬೆಳೆಯುವುದು ಇರುತ್ತದೆ, ಹೆಚ್ಚಾಗಿ ಅಂಚಿನ ಕಡೆ.

ಟೆಸ್ಟ್ ದಿನ

ಹೆದರುವಂಥದ್ದು ಜಾಸ್ತಿ ಇಲ್ಲ. ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಅದು ಒಂದು ಕ್ಷಣ ಉರಿಯುತ್ತದೆ. ಆಮೇಲೆ ಸೂಜಿಯ ಗನ್ "ಟಕ್" ಅಂತ ಜೋರಾಗಿ ಸದ್ದು ಮಾಡುತ್ತದೆ. ಚಿಕ್ಕಮ್ಮ ಬೆಚ್ಚಿಬಿದ್ದದ್ದು ನೋವಿಗಲ್ಲ, ಆ ಸದ್ದಿಗೆ. ನಿಮ್ಮವರಿಗೆ ಮೊದಲೇ ಹೇಳಿಟ್ಟಿರಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತಾರೆ, ಕೆಲವು ದಿನ ನೀಲಿಗಟ್ಟಿರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬುಕ್ ಮಾಡುವಾಗಲೇ ತಿಳಿಸಿ, ಸುಮ್ನೆ ನೀವೇ ನಿಲ್ಲಿಸಬೇಡಿ.

"ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ" ಅನ್ನುವ ಮಾತು ನಮ್ಮ ಊರಿನ ಪ್ರತಿ ಜಗುಲಿಯಲ್ಲೂ ಇದೆ. ಸೂಜಿಯ ದಾರಿಯಲ್ಲಿ ಕೆಲವು ಜೀವಕೋಶ ಜಾರುವುದು ಉಂಟು. ಅದರಿಂದ ಕಾಯಿಲೆ ವಾಸಿಯಾಗುವ ಸಾಧ್ಯತೆ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ. ಈ ಭಯಕ್ಕೆ ಟೆಸ್ಟನ್ನು ತಿಂಗಳುಗಟ್ಟಲೆ ಮುಂದೂಡಿದವರನ್ನು ಆಸ್ಪತ್ರೆ ಸಾಲಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹಾನಿ ಮಾಡುವುದು ಆ ತಡ.

ಇನ್ನೊಂದು ಸಣ್ಣ ವಿಷಯ, ಆದರೆ ಇದರ ಮೇಲೆ ಬಹಳ ನಿಂತಿದೆ. ತುಂಡು ತೆಗೆದ ತಕ್ಷಣ, ಅದು ಕೆಡದ ಹಾಗೆ ಕಾಪಾಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು, ಒಂದು ಗಂಟೆ ದಾಟಬಾರದು. ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಲ್ಯಾಬ್ ದೂರದ ಊರಿನಲ್ಲಿದ್ದು ಶನಿವಾರ ಸಂಜೆ ಬಯಾಪ್ಸಿ ಆದರೆ ಡಬ್ಬಿ ಎಲ್ಲಿ ಕೂರುತ್ತದೆ ಅಂತ ಯೋಚಿಸಿ. ವಾರದ ಶುರುವಿನಲ್ಲಿ ಮಾಡಿಸುವುದು ವಾಸಿ. ಡಬ್ಬಿಯ ಮೇಲೆ ಹೆಸರು, ವಯಸ್ಸು, ಎಡವೋ ಬಲವೋ ಸರಿಯಾಗಿದೆಯಾ ಅಂತ ನೀವೂ ಓದಿ ನೋಡಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಗ್ರೇಡ್ ಅಂದರೆ ಏನು

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಗ್ರೇಡ್ 3 ಅಂತ ಓದಿ ಮೂರನೇ ಸ್ಟೇಜ್ ಅಂತ ಅಳಬೇಡಿ, ನಮ್ಮ ಮನೆಯಲ್ಲಿ ಆಗಿದ್ದು ಅದೇ. ಕಾಯಿಲೆ ಎಷ್ಟು ದೂರ ಹೋಗಿದೆ ಅನ್ನುವುದು ಸ್ಟೇಜ್. ಜೀವಕೋಶ ನೋಡುವುದಕ್ಕೆ ಎಷ್ಟು ಕೆಟ್ಟಿದೆ, ಎಷ್ಟು ಆತುರದಲ್ಲಿದೆ ಅನ್ನುವುದು ಗ್ರೇಡ್.

ಗ್ರೇಡ್ ಕೊಡುವುದು ನಾಟಿಂಗ್‌ಹ್ಯಾಮ್ ಪದ್ಧತಿಯಲ್ಲಿ. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ಮಾಡಿದ ಪದ್ಧತಿಯನ್ನು ಎಲ್ಸ್ಟನ್ ಮತ್ತು ಎಲ್ಲಿಸ್ 1991ರಲ್ಲಿ ತಿದ್ದಿ ಗಟ್ಟಿ ಮಾಡಿದರು. ಮೂರು ವಿಷಯಕ್ಕೆ ಒಂದರಿಂದ ಮೂರು ಅಂಕ. ಮೊದಲನೆಯದು, ಜೀವಕೋಶಗಳು ಇನ್ನೂ ನಾಳದ ಆಕಾರ ಕಟ್ಟುತ್ತಿವೆಯಾ ಅನ್ನುವುದು: ಗಡ್ಡೆಯ 75 ಶೇಕಡಾಕ್ಕಿಂತ ಜಾಸ್ತಿ ಭಾಗದಲ್ಲಿ ಕಟ್ಟಿದ್ದರೆ 1 ಅಂಕ, 10 ಶೇಕಡಾಕ್ಕಿಂತ ಕಡಿಮೆ ಇದ್ದರೆ 3. ಎರಡನೆಯದು, ಜೀವಕೋಶದ ನಡುವಿನ ಬೀಜ, ಅಂದರೆ ನ್ಯೂಕ್ಲಿಯಸ್, ಎಷ್ಟು ಅಂಕುಡೊಂಕಾಗಿದೆ. ಮೂರನೆಯದು, ಎಷ್ಟು ಜೀವಕೋಶ ಒಡೆದು ಎರಡಾಗುತ್ತಿದೆ, ಇದಕ್ಕೆ ಮೈಟೋಸಿಸ್ ಎಣಿಕೆ ಅಂತಾರೆ. ಒಟ್ಟು 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3.

ಈಗ ಚಿಕ್ಕಮ್ಮನ ರಿಪೋರ್ಟ್ ನೋಡಿ. ಸೂಜಿಯಲ್ಲಿ 3, 2, 1, ಒಟ್ಟು 6. ಆಪರೇಷನ್ ನಂತರ 3, 3, 2, ಒಟ್ಟು 8. ನಾಳದ ಅಂಕ ಹಾಗೇ ಇದೆ. ನ್ಯೂಕ್ಲಿಯಸ್ ಒಂದು ಏರಿತು, ಮೈಟೋಸಿಸ್ ಒಂದು ಏರಿತು. ಅಷ್ಟಕ್ಕೇ ಗ್ರೇಡ್ ಬದಲಾಯಿತು. ಈ ಮೂರು ಅಂಕ ಬಿಡಿಸಿ ಓದುವವರೆಗೂ ನಮಗೆ ಇದು ಅರ್ಥವೇ ಆಗಿರಲಿಲ್ಲ. ನಿಮ್ಮ ರಿಪೋರ್ಟ್‌ನಲ್ಲಿ ಬರೀ "ಗ್ರೇಡ್ 2" ಅಂತ ಇದ್ದರೆ ಮೂರು ಅಂಕವನ್ನೂ ಬರೆದುಕೊಡಿ ಅಂತ ಕೇಳಿ. 5 ಅಂಕದ ಗ್ರೇಡ್ 1, 7 ಅಂಕದ ಗ್ರೇಡ್ 2 ಇದ್ದರೆ ಅವು ಗಡಿಯ ಮೇಲೆ ನಿಂತಿವೆ, ಏರುವ ಸಾಧ್ಯತೆ ಇದೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ಎಷ್ಟು ಸರಿ?

ಸೂಜಿಯ ಗ್ರೇಡನ್ನು ಆಪರೇಷನ್ ನಂತರದ ಗ್ರೇಡ್ ಜೊತೆ ಹೋಲಿಸಿ ನೋಡಿದ ಅಧ್ಯಯನಗಳು ಬಹಳ ಇವೆ. ಹೆಚ್ಚಿನವುಗಳಲ್ಲಿ 100 ಜನರಲ್ಲಿ 60ರಿಂದ 80 ಜನಕ್ಕೆ ಎರಡೂ ಒಂದೇ ಬರುತ್ತದೆ, ಸರಾಸರಿ 70ರ ಆಸುಪಾಸು. ಅಂದರೆ ನಾಲ್ಕರಲ್ಲಿ ಒಬ್ಬರಿಗಾದರೂ ಬದಲಾಗುತ್ತದೆ. ಬದಲಾದರೂ ಹೆಚ್ಚಾಗಿ ಒಂದೇ ಮೆಟ್ಟಿಲು. 1 ಇದ್ದದ್ದು ನೇರ 3ಕ್ಕೆ ಹಾರುವುದು ಅಪರೂಪ. ಸೂಜಿ ತಪ್ಪುವುದು ಹೆಚ್ಚಾಗಿ ಕೆಳಗಿನ ಕಡೆಗೇ, ಇರುವುದಕ್ಕಿಂತ ಕಡಿಮೆ ಗ್ರೇಡ್ ತೋರಿಸುತ್ತದೆ.

ಕಾರಣ ಮೈಟೋಸಿಸ್ ಎಣಿಕೆಯಲ್ಲಿದೆ. ಮೈಕ್ರೋಸ್ಕೋಪ್‌ನಲ್ಲಿ ದೊಡ್ಡದು ಮಾಡಿ 10 ಕಡೆ ನೋಡಿ, ಅದೂ ಅತಿ ಚುರುಕಾಗಿರುವ ಜಾಗ ಹುಡುಕಿ, ಎಣಿಸಬೇಕು ಅನ್ನುವುದು ನಿಯಮ. ಶಾವಿಗೆ ಎಳೆಯಂಥ ತುಂಡಿನಲ್ಲಿ ಕೆಲವೊಮ್ಮೆ ಎಣಿಸುವುದಕ್ಕೆ 10 ಜಾಗವೇ ಸಿಗುವುದಿಲ್ಲ. ಚುರುಕಾದ ಜಾಗ ಸೂಜಿಗೆ ಸಿಗದೇ ಹೋದರೆ ಎಣಿಕೆ ಕಡಿಮೆ ಬರುತ್ತದೆ. ಪೆಥಾಲಜಿ ಡಾಕ್ಟರ್ ಕೈಗೆ ಬಂದದ್ದನ್ನೇ ಅಲ್ವಾ ನೋಡುವುದು.

ಹಾಗಂತ ಆಪರೇಷನ್ ರಿಪೋರ್ಟ್ ಯಾವಾಗಲೂ ನಿಜ, ಸೂಜಿಯದು ಸುಳ್ಳು ಅಂತಲೂ ಅಲ್ಲ. ಸಣ್ಣ ತುಂಡಿಗೆ ಫಾರ್ಮಲಿನ್ ಬೇಗ ಇಳಿಯುತ್ತದೆ. ಇಡೀ ಸ್ತನದ ಮಾಂಸಕ್ಕೆ ಅದು ಗಂಟೆಗೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ನಿಧಾನ ಇಳಿಯುವುದು. ಹೋಳು ಮಾಡದೆ ಹಾಗೇ ಡಬ್ಬಿಯಲ್ಲಿ ಮುಳುಗಿಸಿ ದೂರದ ಲ್ಯಾಬಿಗೆ ಕಳಿಸಿದರೆ ಒಳಗಿನ ಭಾಗ ಹಾಳಾಗುತ್ತದೆ, ಒಡೆಯುತ್ತಿದ್ದ ಜೀವಕೋಶಗಳನ್ನು ಗುರುತು ಹಿಡಿಯುವುದು ಕಷ್ಟ. ನಮಗೆ ಪರಿಚಯದ ಒಬ್ಬರಿಗೆ ಒಂದು ಊರಿನಲ್ಲಿ ಹೀಗೇ ಆಯಿತು, ಸೂಜಿಯ ರಿಪೋರ್ಟೇ ಕೊನೆಗೆ ಆಧಾರವಾಯಿತು. ಆಪರೇಷನ್ ಮಾಡುವ ಆಸ್ಪತ್ರೆಯೊಳಗೇ ಪೆಥಾಲಜಿ ವಿಭಾಗ ಇದ್ದರೆ ಇದು ತಪ್ಪುತ್ತದೆ. ನಮ್ಮ ಭಾಗದಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದ ಮಿಮ್ಸ್ ಮೂರೂ ಮೆಡಿಕಲ್ ಕಾಲೇಜಿಗೆ ಸೇರಿದವು, ಹಾಗಾಗಿ ಪೆಥಾಲಜಿ ಅಲ್ಲೇ ಇದೆ. ಬೆಂಗಳೂರಿಗೆ ಹೋಗುವವರಿಗೆ ಕಿದ್ವಾಯಿ ಗೊತ್ತೇ ಇದೆ.

ರಿಪೋರ್ಟ್‌ನಲ್ಲಿ ಗಟ್ಟಿ ಯಾವುದು, ಸಡಿಲ ಯಾವುದು

ಕೋರ್ ಬಯಾಪ್ಸಿ "ನಾಳದ ಗೋಡೆ ದಾಟಿದ ಕ್ಯಾನ್ಸರ್ ಇದೆ" ಅಂದರೆ ಅದು ಬಹಳ ಗಟ್ಟಿ ಮಾತು. ಇಆರ್, ಪಿಆರ್ ಅನ್ನುವ ಹಾರ್ಮೋನ್ ಪರೀಕ್ಷೆ ಮತ್ತು ಕ್ಯಾನ್ಸರ್ ಬೆಳೆಸುವ ಒಂದು ಪ್ರೋಟೀನ್ ಜಾಸ್ತಿ ಇದೆಯಾ ಅಂತ ನೋಡುವ ಹರ್-2 ಪರೀಕ್ಷೆ, ಇವುಗಳನ್ನು ಐಎಚ್‌ಸಿ ಅಂತ, ತುಂಡಿಗೆ ಬಣ್ಣ ಹಾಕಿ, ಬೇರೆಯಾಗಿ ಮಾಡುತ್ತಾರೆ, ಕೆಲವು ದಿನ ತಡವಾಗಿ ಬರುತ್ತದೆ. ಇಆರ್ ಮತ್ತು ಹರ್-2 ಸೂಜಿಯಲ್ಲೂ ಆಪರೇಷನ್‌ನಲ್ಲೂ 90 ಶೇಕಡಾಕ್ಕಿಂತ ಜಾಸ್ತಿ ಸಲ ಒಂದೇ ಬರುತ್ತವೆ, ಪಿಆರ್ ಸ್ವಲ್ಪ ಕಡಿಮೆ. ನಿಜ ಹೇಳಬೇಕೆಂದರೆ ಚಿಕಿತ್ಸೆಯ ದಿಕ್ಕು ತೋರಿಸುವುದು ಹೆಚ್ಚಾಗಿ ಇವೇ, ಗ್ರೇಡ್ ಅಲ್ಲ. ಹರ್-2 ಫಲಿತಾಂಶ 0 ಅಥವಾ 1 ಪ್ಲಸ್ ಬಂದರೆ ನೆಗೆಟಿವ್, 3 ಪ್ಲಸ್ ಬಂದರೆ ಪಾಸಿಟಿವ್. 2 ಪ್ಲಸ್ ಬಂದರೆ ಇನ್ನೂ ಗೊತ್ತಾಗಿಲ್ಲ ಅಂತ ಅರ್ಥ, ಫಿಶ್ ಅನ್ನುವ ಇನ್ನೊಂದು ಟೆಸ್ಟ್ ಆಗಲೇಬೇಕು. ದುಡ್ಡಿನ ಕಾರಣಕ್ಕೆ ಇದನ್ನು ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಟೆಸ್ಟ್ ಅದರೊಳಗೆ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಸಡಿಲವಾದದ್ದು ಎರಡು. ಒಂದು ಗ್ರೇಡ್, ಅದನ್ನು ಆಗಲೇ ಹೇಳಿದೆ. ಇನ್ನೊಂದು, ಸೂಜಿಯಲ್ಲಿ "ಡಿಸಿಐಎಸ್" ಅಂತ, ಅಂದರೆ ನಾಳದ ಒಳಗೇ ಇರುವ ಕ್ಯಾನ್ಸರ್ ಅಂತ ಮಾತ್ರ ಬಂದರೆ. ಅಂಥವರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಆಪರೇಷನ್ ನಂತರ ನೋಡಿದಾಗ ಹೊರಗೆ ಬಂದ ಕ್ಯಾನ್ಸರ್ ಕೂಡ ಸಿಗುತ್ತದೆ.

ಬೇರೆ ಬೇರೆ ಸಾಲುಗಳು ಒಂದಕ್ಕೊಂದು ಹೊಂದುತ್ತವೆಯಾ ಅಂತಲೂ ನೋಡಿ. ಗ್ರೇಡ್ 1 ಇದೆ, ಆದರೆ ಇಆರ್ ನೆಗೆಟಿವ್ ಅಂತ ಬಂದಿದ್ದರೆ ಅದು ಅಪರೂಪ, ಇನ್ನೊಮ್ಮೆ ಪರೀಕ್ಷೆ ಮಾಡಬೇಕಾ ಅಂತ ಕೇಳಿ. ಸೂಜಿಯಲ್ಲಿ ಹರ್-2 ನೆಗೆಟಿವ್ ಬಂದು ಆಪರೇಷನ್‌ನಲ್ಲಿ ಗ್ರೇಡ್ 3 ಬಂದರೂ ದೊಡ್ಡ ತುಂಡಿನ ಮೇಲೆ ಹರ್-2 ಮತ್ತೆ ನೋಡಬಹುದು. ಕೆಐ-67 ಅನ್ನುವ ಸಂಖ್ಯೆಯೂ ಇರುತ್ತದೆ, ಎಷ್ಟು ಶೇಕಡಾ ಜೀವಕೋಶ ಬೆಳೆಯುವ ಹಾದಿಯಲ್ಲಿವೆ ಅಂತ. ಅದು 5ರೊಳಗೆ ಇದ್ದರೆ ಅಥವಾ 30 ಮುಟ್ಟಿದ್ದರೆ ಸ್ಪಷ್ಟ, ಮಧ್ಯದ್ದು ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಗ್ರೇಡ್ 1 ಅಂತ ಬರೆದು ಕೆಐ-67 ಮಾತ್ರ 40 ಅಂತ ಇದ್ದರೆ ಸುಮ್ನೆ ಬಿಡಬೇಡಿ, ಕೇಳಿ.

ಮೊದಲು ಕೀಮೋ ಅಂದರೆ

ಈ ಭಾಗ ಗಮನ ಕೊಟ್ಟು ಓದಿ. ಗಡ್ಡೆ ದೊಡ್ಡದಿದ್ದರೆ, ಕಂಕುಳಿಗೆ ಬಂದಿದ್ದರೆ, ಹರ್-2 ಪಾಸಿಟಿವ್ ಇದ್ದರೆ ಅಥವಾ ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇದ್ದರೆ, ಎಷ್ಟೋ ಸಲ ಆಪರೇಷನ್‌ಗೆ ಮೊದಲೇ ಕೀಮೋ ಕೊಡುತ್ತಾರೆ. ಕೀಮೋ ಚೆನ್ನಾಗಿ ಕೆಲಸ ಮಾಡಿದರೆ ಗಡ್ಡೆ ಪೂರ್ತಿ ಕರಗಿಹೋಗಬಹುದು. ಆಗ ಆಪರೇಷನ್ ತುಂಡಿನಲ್ಲಿ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಉಳಿದರೂ ಔಷಧಿ ತಗುಲಿ ಜೀವಕೋಶಗಳ ರೂಪ ಕೆಟ್ಟಿರುತ್ತದೆ, ಆ ಗ್ರೇಡನ್ನು ಮೊದಲಿನ ಹಾಗೆ ಓದುವುದಕ್ಕೆ ಆಗುವುದಿಲ್ಲ. ಚಿಕ್ಕಮ್ಮನಿಗೆ ಎರಡನೇ ಸಲ ನೋಡುವ ಅವಕಾಶ ಇತ್ತು. ಮೊದಲು ಕೀಮೋ ತೆಗೆದುಕೊಳ್ಳುವವರಿಗೆ ಕಾಯಿಲೆಯ ಮೂಲ ರೂಪದ ಸಾಕ್ಷಿ ಅಂತ ಉಳಿಯುವುದು ಆ ನಾಲ್ಕಾರು ಎಳೆ ಮಾತ್ರ.

ಹಾಗಾಗಿ ಕೀಮೋ ಶುರುವಾಗುವ ಮುಂಚೆ ಇಷ್ಟು ಕೇಳಿಕೊಳ್ಳಿ. "ತುಂಡು ಸಾಕಷ್ಟು ಬಂದಿದೆಯಾ, ಇನ್ನೊಮ್ಮೆ ತೆಗೆಯಬೇಕಾ?" "ಇಆರ್, ಪಿಆರ್, ಹರ್-2 ಎಲ್ಲ ಬಂತಾ?" "ಗಡ್ಡೆ ಇದ್ದ ಜಾಗಕ್ಕೆ ಕ್ಲಿಪ್ ಹಾಕಿದ್ದೀರಾ?" ಕ್ಲಿಪ್ ಅಂದರೆ ಅಕ್ಕಿ ಕಾಳಿಗಿಂತ ಸಣ್ಣ ಲೋಹದ ಗುರುತು. ಗಡ್ಡೆ ಕರಗಿಹೋದರೆ ಸರ್ಜನ್‌ಗೆ ಜಾಗ ಗೊತ್ತಾಗುವುದು ಅದರಿಂದ. ಆಪರೇಷನ್ ಆದ ಮೇಲೆ ಲ್ಯಾಬಿಗೆ ಹೋಗುವ ಫಾರಂನಲ್ಲಿ "ಕೀಮೋ ಆಗಿದೆ" ಅಂತ ಬರೆದಿದ್ದಾರಾ ಅಂತಲೂ ನೋಡಿ.

ಗ್ರೇಡ್ ಬದಲಾದರೆ

ಜಗಳಕ್ಕೆ ಹೋಗಬೇಡಿ. ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು, ಮೂರು ಅಂಕಗಳಲ್ಲಿ ಯಾವುದು ಬದಲಾಯಿತು ಅಂತ ಮೊದಲು ನೋಡಿ. ಆಮೇಲೆ ಕ್ಯಾನ್ಸರ್ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: "ಇದರಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತಾ?" ಹರ್-2 ಪಾಸಿಟಿವ್ ಇದ್ದವರಿಗೆ, ಮೂರೂ ನೆಗೆಟಿವ್ ಇದ್ದವರಿಗೆ ಎಷ್ಟೋ ಸಲ ಏನೂ ಬದಲಾಗುವುದಿಲ್ಲ. ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಇದ್ದವರಿಗೆ ಗ್ರೇಡ್ ತೂಕ ಜಾಸ್ತಿ: ಹಾರ್ಮೋನ್ ತಡೆಯುವ ಮಾತ್ರೆ ಸಾಕಾ, ಕೀಮೋನೂ ಬೇಕಾ ಅನ್ನುವ ತಕ್ಕಡಿಯಲ್ಲಿ ಅದೂ ಒಂದು ಕಲ್ಲು. ಚಿಕ್ಕಮ್ಮ ಈ ಗುಂಪಿಗೆ ಸೇರಿದವರು. ಕಂಕುಳಿನ ಒಂದು ಗಂಟಿನಲ್ಲಿ ಕಾಯಿಲೆ ಇತ್ತು, ಗ್ರೇಡೂ ಏರಿತು, ಡಾಕ್ಟರ್ ಕೀಮೋ ಸೇರಿಸಿದರು. ಈಗ ಕೀಮೋ ಮುಗಿದು, ಅಂಥದ್ದೇ ಆದ ಲೆಟ್ರೋಜೋಲ್ ಮಾತ್ರೆಯಲ್ಲಿದ್ದಾರೆ. ಇಂಥ ತೀರ್ಮಾನಕ್ಕೆ, ಕಾಯಿಲೆ ಮತ್ತೆ ಬರುವ ಸಾಧ್ಯತೆ ಅಂದಾಜು ಮಾಡುವ ಆಂಕೋಟೈಪ್ ಡಿಎಕ್ಸ್, ಬೆಂಗಳೂರಿನಲ್ಲೇ ಮಾಡಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಮುಂತಾದ ಟೆಸ್ಟ್‌ಗಳೂ ಇವೆ, ದುಬಾರಿ. ನಿಮ್ಮವರಿಗೆ ಅದರಿಂದ ಉಪಯೋಗ ಇದೆಯಾ ಅಂತ ಕೇಳಿಯೇ ಮುಂದುವರಿಯಿರಿ.

ಅನುಮಾನ ಉಳಿದರೆ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ. ಅದಕ್ಕೆ ರಿಪೋರ್ಟಿನ ಹಾಳೆ ಸಾಲದು. ಲ್ಯಾಬಿನಲ್ಲಿ ಗಡ್ಡೆಯ ತುಂಡನ್ನು ಹುದುಗಿಸಿದ ಮೇಣದ ಬ್ಲಾಕ್ ಮತ್ತು ಅದರಿಂದ ಮಾಡಿದ ಗಾಜಿನ ಸ್ಲೈಡ್ ಇಟ್ಟಿರುತ್ತಾರೆ, ಅರ್ಜಿ ಬರೆದು ಸಹಿ ಮಾಡಿದರೆ ಕೊಡುತ್ತಾರೆ. ಬ್ಲಾಕ್ ಮೇಲಿನ ನಂಬರ್ ರಿಪೋರ್ಟ್ ನಂಬರ್ ಜೊತೆ ತಾಳೆ ನೋಡಿ, ಫೋಟೋ ತೆಗೆದುಕೊಳ್ಳಿ. ಸ್ಲೈಡ್ ಒಡೆಯದ ಹಾಗೆ ಗಟ್ಟಿ ಡಬ್ಬಿಯಲ್ಲಿಡಿ. ಬ್ಲಾಕನ್ನು ಬೈಕಿನ ಡಿಕ್ಕಿಯಲ್ಲೋ ಬಿಸಿಲಿಗೆ ನಿಂತ ಕಾರಿನ ಮುಂದುಗಡೆಯೋ ಇಡಬೇಡಿ, ಮೇಣ ಮೆತ್ತಗಾಗಿ ಹಾಳಾಗುತ್ತದೆ. ನಾವು ಚಿಕ್ಕಮ್ಮನ ಬ್ಲಾಕನ್ನು ಹತ್ತಿಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ, ಬೆಳಿಗ್ಗೆ ತಂಪು ಹೊತ್ತಿನ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದೆವು. ಅಲ್ಲಿಯೂ 8 ಅಂಕವೇ ಬಂತು. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ತೆಗೆದುಕೊಂಡು ಮೊದಲಿನ ಲ್ಯಾಬಿಗೇ ಕೊಟ್ಟು ರಸೀದಿ ಪಡೆಯಿರಿ, ಮುಂದೆ ಯಾವ ಹೊಸ ಪರೀಕ್ಷೆ ಬೇಕಾದರೂ ಆ ಬ್ಲಾಕಿನ ಮೇಲೆಯೇ ಮಾಡಬೇಕು.